ಬಾವಿಯ ಸರದಿ, ಶಾಲೆಯ ಗಂಟೆ: ಬೊರಾನ ಮಕ್ಕಳ ಕಲಿಕೆ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದೆ.)

ಗೆಳೆಯರೇ,

ದಕ್ಷಿಣ ಇಥಿಯೋಪಿಯಾದ ಬೊರಾನ ನಾಡಿನಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ಸುರಿಯುವ ದೊಡ್ಡ ಮಳೆಗೆ ಗನ್ನಾ ಎಂದು ಹೆಸರು; ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಸಣ್ಣ ಮಳೆಗೆ ಹಗಯಾ. ಡಿಸೆಂಬರ್ ಬಂತೆಂದರೆ ಹುಲ್ಲು ಒಣಗುತ್ತದೆ, ಹಳ್ಳಕೊಳ್ಳ ಬತ್ತುತ್ತವೆ, ದನಗಳು ದೂರದ ಮೇವಿಗೆ ಹೊರಡುತ್ತವೆ. ಅದೇ ದೇಶದ ಉತ್ತರದ ಎತ್ತರದ ನಾಡಿನಲ್ಲಿ ಮಳೆ ಬೇರೆ ರೀತಿಯದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮನೆ ಸುರಿಯುತ್ತದೆ. ಇಥಿಯೋಪಿಯಾದ ಶಾಲೆಗಳ ದೊಡ್ಡ ರಜೆ ಯಾವಾಗ ಗೊತ್ತೇ? ಆ ಎತ್ತರದ ನಾಡಿನ ಮಳೆಗಾಲದಲ್ಲಿ. ಬೊರಾನ ಹುಡುಗನ ದನ ಡಿಸೆಂಬರ್–ಫೆಬ್ರುವರಿಯಲ್ಲಿ ಊರು ಬಿಟ್ಟು ಹೋಗುವಾಗ ಶಾಲೆಯಲ್ಲಿ ಪಾಠ ನಡುಮಧ್ಯದಲ್ಲಿರುತ್ತದೆ. ಅವನು ದನದ ಜೊತೆ ಹೋದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಬೀಳುತ್ತದೆ, ಕೆಲವು ವಾರಗಳಾದ ಮೇಲೆ ಅವನು ಶಾಲೆ ಬಿಟ್ಟವನೆಂದು ದಾಖಲಾಗುತ್ತಾನೆ.

ಪಶುಪಾಲಕರ ಮಕ್ಕಳ ಶಿಕ್ಷಣದ ಬಗ್ಗೆ ಮಾತು ಬಂದಾಗಲೆಲ್ಲ ಪಠ್ಯದ ಪ್ರಶ್ನೆ ಮುಂದಾಗುತ್ತದೆ: ಏನನ್ನು ಕಲಿಸಬೇಕು, ಯಾವ ಭಾಷೆಯಲ್ಲಿ ಕಲಿಸಬೇಕು. ಅವು ದೊಡ್ಡ ಪ್ರಶ್ನೆಗಳೇ. ಆದರೆ ಬೊರಾನ ಸಮುದಾಯದ ಕಳೆದ ಅರವತ್ತು ಎಪ್ಪತ್ತು ವರ್ಷಗಳನ್ನು ನೋಡಿದರೆ, ಉಳಿದದ್ದು ಯಾಕೆ ಉಳಿಯಿತು, ಹೋದದ್ದು ಯಾಕೆ ಹೋಯಿತು ಎಂಬುದಕ್ಕೆ ಉತ್ತರ ಸಿಗುವುದು ಮಗುವಿನ ಹೊತ್ತಿನಲ್ಲಿ. ಮಗು ದಿನದ ಯಾವ ಹೊತ್ತನ್ನು, ವರ್ಷದ ಯಾವ ತಿಂಗಳನ್ನು, ಯಾರ ಪಕ್ಕದಲ್ಲಿ ನಿಂತು ಕಳೆಯುತ್ತದೆ? ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಜನರ ಪರಿಚಯ. ಬೊರಾನರು ಒರೊಮೊ ಜನಾಂಗದ ಒಂದು ಶಾಖೆ. ಇಥಿಯೋಪಿಯಾದಲ್ಲಿ ಯಬೆಲ್ಲೊ, ದಿರೆ, ಅರೆರೊ ಸುತ್ತಮುತ್ತ, ಗಡಿಯಾಚೆ ಕೀನ್ಯಾದಲ್ಲಿ ಮೊಯಾಲೆ, ಮಾರ್ಸಬಿಟ್, ಇಸಿಯೋಲೊ ಕಡೆ ಇದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರೂ ಇಥಿಯೋಪಿಯಾದ ಚಕ್ರವರ್ತಿಯೂ ಎಳೆದ ಗಡಿ ಅವರ ಮೇವಿನ ನೆಲವನ್ನು ಎರಡು ಹೋಳು ಮಾಡಿತು. ಅವರ ಬದುಕಿನ ನಡುವೆ ಇರುವುದು ದನ. ಬೊರಾನ್ ತಳಿ ಇಂದು ಜಗತ್ತಿನಾದ್ಯಂತ ಹೆಸರು ಮಾಡಿದೆ. ಹಿಣಿಲಿರುವ ಈ ದನಗಳ ಹಿಂದಿನ ವಂಶ ಭಾರತ ಉಪಖಂಡದ ಕಡೆಗೇ ಹೋಗಿ ನಿಲ್ಲುತ್ತದೆ ಎಂಬುದು ನಮಗೆ ಕುತೂಹಲದ ಸಂಗತಿ. ಕಡಿಮೆ ನೀರಿನಲ್ಲಿ ದೂರ ನಡೆಯಬಲ್ಲ ಈ ತಳಿಯನ್ನು ತಲೆಮಾರುಗಳ ಕಾಲ ಹೋರಿ ಆರಿಸಿ, ಹಸುವಿನ ತಾಯಿ ಅಜ್ಜಿಯರ ಲೆಕ್ಕ ನೆನಪಿನಲ್ಲಿಟ್ಟು ರೂಪಿಸಿದವರು ಒಂದಕ್ಷರವನ್ನೂ ಬರೆದಿಟ್ಟವರಲ್ಲ.

ಈ ಜ್ಞಾನ ಮಗುವಿಗೆ ದಾಟುವ ಏರ್ಪಾಡನ್ನು ಗಡಾ ಪದ್ಧತಿಯೊಳಗೆ ನೋಡಬೇಕು. ಯುನೆಸ್ಕೊ 2016ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಡಾ ಎಂದರೆ ಎಂಟೆಂಟು ವರ್ಷಗಳ ಹಂತಗಳ ಮೂಲಕ ಗಂಡಸಿನ ಬಾಳನ್ನು ಸಾಗಿಸುವ ವ್ಯವಸ್ಥೆ. ಮೊದಲ ಹಂತ ದಬ್ಬಾಲೆ. ಈ ಹಂತದ ಗಂಡುಮಕ್ಕಳ ತಲೆಗೂದಲನ್ನು ಕತ್ತರಿಸುವುದಿಲ್ಲ, ಹೆಣ್ಣುಮಕ್ಕಳಂತೆ ಬಿಟ್ಟಿರುತ್ತಾರೆ. ಅವರನ್ನು ಹೊಡೆಯುವಂತಿಲ್ಲ, ಗದರುವಂತಿಲ್ಲ. ಅವರ ತಾಯಂದಿರಿಗೂ ವಿಶೇಷ ಗೌರವ. ಆ ಹಂತ ಮುಗಿದಾಗ ಕೂದಲು ತೆಗೆದು ಗಾಮೆ ಆಗುತ್ತಾರೆ, ದನಕರು ಕಾಯುವ ಹೊಣೆ ನಿಜವಾಗಿ ಶುರುವಾಗುತ್ತದೆ. ಮುಂದೆ ಕೂಸಾ, ರಾಬಾ, ಆಮೇಲೆ ನಾಡನ್ನು ನಡೆಸುವ ಗಡಾ ಹಂತ. ಅಧಿಕಾರ ಎಂಟು ವರ್ಷ ಮಾತ್ರ. ಮಗ ಸದಾ ತಂದೆಗಿಂತ ಐದು ಹಂತ, ಅಂದರೆ 40 ವರ್ಷ ಹಿಂದೆ ಇರುತ್ತಾನೆ. ತಂದೆ ನಾಡಿನ ಹೊಣೆ ಹೊತ್ತು 40 ವರ್ಷ ಕಳೆದ ಮೇಲೆ ಮಗನ ಪಾಳಿ.

ಇದರಿಂದ ಕಲಿಕೆಗೆ ಒದಗುವ ಒಂದು ಗುಣ ನನ್ನನ್ನು ತುಂಬಾ ಸೆಳೆದಿದೆ. ತಂದೆಯ ಅವಧಿಯಲ್ಲಿ ಬಂದ ಬರ, ಯುದ್ಧ, ರೋಗ ಮಗನ ಅವಧಿಯಲ್ಲಿ ಮತ್ತೆ ಬರಬಹುದೆಂದು ಬೊರಾನರು ನಂಬುತ್ತಾರೆ. ಹಾಗಾಗಿ ಅವರಲ್ಲಿ ಚರಿತ್ರೆ ಕಲಿಯುವುದೆಂದರೆ ಮುಂದಿನ ಅಪಾಯಕ್ಕೆ ಸಿದ್ಧವಾಗುವುದು. ಯಾವ ಗಡಾ ನಾಯಕನ ಕಾಲದಲ್ಲಿ ಏನಾಯಿತೆಂದು ಒಂದೊಂದಾಗಿ ಹೇಳಬಲ್ಲ ಹಿರಿಯರಿದ್ದಾರೆ. 2017ರಲ್ಲಿ ಅಧಿಕಾರ ವಹಿಸಿಕೊಂಡ ನಾಯಕ 71ನೆಯವನೆಂದು ಎಣಿಸುತ್ತಾರೆ. 71ನ್ನು ಎಂಟರಿಂದ ಗುಣಿಸಿದರೆ 568 ವರ್ಷ. ಬಾಯಿಯಿಂದ ಬಾಯಿಗೆ ದಾಟಿದ ಐದೂವರೆ ಶತಮಾನಗಳ ಚರಿತ್ರೆ ಅದು, ಪ್ರತಿ ಎಂಟು ವರ್ಷಕ್ಕೊಂದು ಗುರುತಿನ ಕಲ್ಲು ನೆಟ್ಟ ಚರಿತ್ರೆ.

ಕಾಲದ ಲೆಕ್ಕವೂ ಅವರದೇ. ಆಕಾಶ ನೋಡಿ ದಿನ ಹೇಳುವ ತಜ್ಞರಿಗೆ ಅಯ್ಯಾಂತು ಎನ್ನುತ್ತಾರೆ. ಚಂದ್ರನ ಹನ್ನೆರಡು ತಿಂಗಳು, ವರ್ಷಕ್ಕೆ 354 ದಿನ, ಹೆಸರಿರುವ ದಿನಗಳು 27. ತ್ರಿಕೋನ ನಕ್ಷತ್ರಪುಂಜ, ಕೃತ್ತಿಕೆ, ರೋಹಿಣಿ, ಮೃಗಶಿರದ ಸುತ್ತಲಿನ ಚುಕ್ಕೆಗಳು, ಲುಬ್ಧಕ ಇವುಗಳ ಜೊತೆ ಚಂದ್ರ ಎಲ್ಲಿ, ಯಾವ ಕಳೆಯಲ್ಲಿ ಕಾಣಿಸುತ್ತಾನೆ ಎಂಬುದರಿಂದ ತಿಂಗಳನ್ನು ಗುರುತಿಸುತ್ತಾರೆ. 1960ರ ದಶಕದಲ್ಲಿ ಬೊರಾನರ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಅಸ್ಮರೋಮ್ ಲೆಗೆಸ್ಸೆ ಇದನ್ನು ಹೊರಜಗತ್ತಿಗೆ ತಿಳಿಸಿದರು. 27 ಎಂದ ಕೂಡಲೇ ನಮ್ಮ ಪಂಚಾಂಗ ನೆನಪಾಗುತ್ತದೆ, ಸಭೆಯಲ್ಲಿ ಹಲವರು ತಲೆದೂಗಿದ್ದನ್ನು ಕಂಡೆ. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ಸುಮಾರು 27 ದಿನ ಬೇಕು. ಅದನ್ನು ಗಮನವಿಟ್ಟು ನೋಡಿದ ಜನ ಎಲ್ಲಿದ್ದರೂ ಆ ಅಂಕಿಗೆ ಬಂದು ಮುಟ್ಟಬಹುದು. ಅದಕ್ಕಿಂತ ಹೆಚ್ಚಿನ ಸಂಬಂಧವನ್ನು ಅಲ್ಲಿ ಹುಡುಕುವ ಅಗತ್ಯವಿಲ್ಲ.

ಇನ್ನು ಬಾವಿಯ ವಿಷಯ. ಬೊರಾನ ಶಿಕ್ಷಣ ಎಂದರೆ ಏನೆಂದು ಯಾರಾದರೂ ಒಂದೇ ಜಾಗ ತೋರಿಸಲು ಹೇಳಿದರೆ ನಾನು ಬಾವಿಯನ್ನು ತೋರಿಸುತ್ತೇನೆ.

ಬೊರಾನ ನಾಡಿನಲ್ಲಿ ತುಲಾ ಎಂಬ ಒಂಬತ್ತು ಪ್ರಸಿದ್ಧ ಬಾವಿ ತಾಣಗಳಿವೆ. ದುಬ್ಲುಕ್, ಮೆಲ್ಬಾನ, ವೆಬ್, ಗಾಯೊ, ಧಾಸ್ ಅವುಗಳಲ್ಲಿ ಕೆಲವು. ನೂರಾರು ವರ್ಷಗಳ ಹಿಂದೆ ತೋಡಿದ ಬಾವಿಗಳು ಇವು, ಕೆಲವು 30 ಮೀಟರ್ ಆಳಕ್ಕೆ ಇಳಿಯುತ್ತವೆ. ನೆಲಮಟ್ಟದಿಂದ ಇಳಿಜಾರಾದ ಓಣಿ ಕಡಿದಿದ್ದಾರೆ. ದನಗಳು ಆ ಓಣಿಯಲ್ಲಿ ಇಳಿದು ಜೇಡಿಮಣ್ಣಿನ ತೊಟ್ಟಿಗೆ ಬಾಯಿ ಹಾಕುತ್ತವೆ. ತೊಟ್ಟಿಯಿಂದ ಕೆಳಗೆ, ನೀರಿನವರೆಗೆ, ಮರದ ತೊಲೆಗಳ ಮೇಲೆ, ಬಂಡೆಯ ಚಾಚುಗಳ ಮೇಲೆ ಒಬ್ಬರ ಮೇಲೊಬ್ಬರು ಜನ ನಿಲ್ಲುತ್ತಾರೆ. ತುಂಬಿದ ಬಕೆಟ್ ಕೈಯಿಂದ ಕೈಗೆ ಏರುತ್ತದೆ, ಖಾಲಿಯಾದದ್ದು ಇಳಿಯುತ್ತದೆ. ಹಿಂದೆ ಇದಕ್ಕೆ ಜಿರಾಫೆಯ ಚರ್ಮ ಬಳಸುತ್ತಿದ್ದರು, ಈಗ ಪ್ಲಾಸ್ಟಿಕ್ ಬಂದಿದೆ. ಲಯ ಕೆಡದಿರಲೆಂದು ಹಾಡುತ್ತಾರೆ, ದನವನ್ನು ಹೊಗಳುವ ಹಾಡು. ಇದರಿಂದಲೇ ಹೊರಗಿನವರು ಇವನ್ನು ಹಾಡುವ ಬಾವಿಗಳು ಎಂದು ಕರೆದರು.

ಒಣಗಾಲದಲ್ಲಿ ದನ ದಿನವೂ ನೀರು ಕುಡಿಯುವುದಿಲ್ಲ. ಮೂರು ದಿನಕ್ಕೊಮ್ಮೆ ಬಾವಿಗೆ ಬರುತ್ತದೆ, ಉಳಿದ ದಿನ ಮೇವಿನತ್ತ ನಡೆಯುತ್ತದೆ. ಯಾರ ಹಿಂಡು ಯಾವ ದಿನ, ಯಾರ ನಂತರ ಎಂಬುದನ್ನು ನಿರ್ಧರಿಸುವವನು ಅಬ್ಬಾ ಹೆರೇಗಾ, ಅಂದರೆ ಸರದಿಯ ಹಿರಿಯ. ಬಾವಿ ತೋಡಿಸಿದವನ ವಂಶಸ್ಥನಿಗೆ, ಆ ಬಾವಿಯ ಕುಲಕ್ಕೆ, ಬೇರೆ ಕುಲದವರಿಗೆ ಎಂದು ಕ್ರಮವಿದೆ. ನೀರೆತ್ತಲು, ಹೂಳು ತೆಗೆಯಲು, ತೊಟ್ಟಿ ಮೆತ್ತಲು ಆಳು ಕೊಡದವನಿಗೆ ಸರದಿಯಲ್ಲಿ ಮರ್ಯಾದೆಯಿಲ್ಲ.

ಹನ್ನೆರಡು ವರ್ಷದ ಹುಡುಗ ಅಲ್ಲಿ ತೊಟ್ಟಿಯ ಬಳಿ ಕರುಗಳನ್ನು ತಡೆದು ನಿಂತಿದ್ದಾನೆ ಎಂದುಕೊಳ್ಳಿ. ಅವನು ಏನೇನು ಕಲಿಯುತ್ತಿದ್ದಾನೆ? ನೂರಾರು ದನಗಳನ್ನು ಬಣ್ಣ, ಕೊಂಬು, ನಡಿಗೆಯಿಂದ ಗುರುತಿಸುವುದನ್ನು. ತನ್ನ ಕುಲ ಯಾವುದು, ಪಕ್ಕದವನದು ಯಾವುದು, ಇಬ್ಬರಿಗೂ ಏನು ಸಂಬಂಧ ಎಂಬುದನ್ನು. ಜಗಳ ಬಂದರೆ ಹಿರಿಯರು ಯಾವ ಹಳೆಯ ತೀರ್ಮಾನವನ್ನು ಎತ್ತಿ ಮಾತಾಡುತ್ತಾರೆ ಎಂಬುದನ್ನು. ಬಾವಿಯ ತಳದಲ್ಲಿ ನಿಂತವನ ಜೀವ ಮೇಲಿನವರ ಎಚ್ಚರದಲ್ಲಿದೆ ಎಂಬುದನ್ನು. ಯಾರೂ ಅವನನ್ನು ಕೂರಿಸಿಕೊಂಡು ಪಾಠ ಹೇಳುವುದಿಲ್ಲ. ಕೆಲವು ವರ್ಷಗಳ ನಂತರ ಅವನೂ ತೊಲೆಯ ಮೇಲೆ ನಿಲ್ಲುತ್ತಾನೆ, ಆಗ ತಪ್ಪಿದರೆ ನೀರು ಚೆಲ್ಲುತ್ತದೆ, ದನ ಬಾಯಾರುತ್ತದೆ. ಕಲಿತದ್ದು ಸರಿಯೋ ತಪ್ಪೋ ಎಂದು ಅಂದೇ ಗೊತ್ತಾಗುತ್ತದೆ.

ಹಿಂಡನ್ನು ಎರಡಾಗಿ ಒಡೆಯುವುದು ಬೊರಾನರ ಇನ್ನೊಂದು ದೊಡ್ಡ ಪಾಠ. ಹಾಲು ಕೊಡುವ ಹಸು, ಎಳೆಗರು ಇರುವ ಹಿಂಡು ಹಟ್ಟಿಯ ಹತ್ತಿರ, ಅದು ವರ್ರಾ. ಹಾಲಿಲ್ಲದ, ಗಟ್ಟಿಮುಟ್ಟಾದ ದನ ದೂರದ ಮೇವಿಗೆ, ಅದು ಫೋರಾ. ಚಿಕ್ಕವರು ಮೊದಲು ಹಟ್ಟಿಯ ಪಕ್ಕದಲ್ಲೇ ಕರುಗಳಿಗಾಗಿ ಕಾದಿಟ್ಟ ಹುಲ್ಲುಗಾವಲಿನಲ್ಲಿ ಕಾಯುತ್ತಾರೆ, ಆಮೇಲೆ ವರ್ರಾ ಜೊತೆ, ಪ್ರಾಯಕ್ಕೆ ಬಂದ ಮೇಲೆ ಫೋರಾ ಜೊತೆ ತಿಂಗಳುಗಟ್ಟಲೆ. ಹೊರಡುವ ಮೊದಲು ನಂಬಿಕಸ್ತರನ್ನು ಕಳಿಸಿ ಹುಲ್ಲು, ನೀರು, ರೋಗ, ಅಲ್ಲಿರುವ ಜನರ ಮನಸ್ಸು ಎಲ್ಲವನ್ನೂ ನೋಡಿಸಿಕೊಂಡು ಬರುತ್ತಾರೆ. ಈ ಮುಂಗಡ ಶೋಧಕ್ಕೆ ಅಬುರು ಎಂದು ಹೆಸರು. ಹಟ್ಟಿಗೆ ಮರಳಿದವನ ವರದಿಯನ್ನು ಹಿರಿಯರು ಪ್ರಶ್ನೆ ಕೇಳಿ ಕೇಳಿ ಒರೆಗೆ ಹಚ್ಚುತ್ತಾರೆ.

ಹೆಣ್ಣುಮಕ್ಕಳ ಕಲಿಕೆ ತಾಯಿಯ ಜೊತೆ. ಗುಡಿಸಲು ಕಟ್ಟುವುದು ಹೆಂಗಸರ ಕೆಲಸ. ನಾರಿನಿಂದ ನೀರು ಹನಿಯದಷ್ಟು ಬಿಗಿಯಾಗಿ ಗೊರ್ಫಾ ಎಂಬ ಹಾಲಿನ ಪಾತ್ರೆ ಹೆಣೆಯುತ್ತಾರೆ, ಅದನ್ನು ಆರಿಸಿದ ಮರದ ಹೊಗೆಯಲ್ಲಿ ಶುದ್ಧ ಮಾಡುತ್ತಾರೆ. ಹಾಲು ಎಷ್ಟು ಕರೆಯಬೇಕು, ಕರುವಿಗೆ ಎಷ್ಟು ಬಿಡಬೇಕು ಎಂಬ ತೀರ್ಮಾನ ಬರಗಾಲದಲ್ಲಿ ಮಗುವಿನ ಪ್ರಾಣಕ್ಕೂ ಕರುವಿನ ಪ್ರಾಣಕ್ಕೂ ನಡುವಿನದು. ಅದನ್ನು ಮಾಡುವವಳು ಮನೆಯೊಡತಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಡಾ ಅಧಿಕಾರದಲ್ಲಿ ಹೆಂಗಸರಿಗೆ ಸ್ಥಾನವಿಲ್ಲ. ತಂದೆಗೆ ತುಂಬಾ ವಯಸ್ಸಾದ ಮೇಲೆ ಹುಟ್ಟಿದ ಮಕ್ಕಳು ಹಂತಗಳ ಈ ಸಾಲಿನಿಂದಲೇ ಹೊರಗುಳಿಯುತ್ತಾರೆ. ನಿಗದಿತ ಹಂತಕ್ಕೆ ಮೊದಲು ಹುಟ್ಟಿದ ಮಗುವನ್ನು ಸಾಕಿಕೊಳ್ಳಲು ಹಿಂದೆ ತಂದೆಗೆ ಅನುಮತಿಯೇ ಇರಲಿಲ್ಲ. ಬೇಟೆಯಾಡಿ ಬದುಕುವ ವಾಟಾ ಜನರನ್ನು ಕೀಳಾಗಿ ಕಂಡರು. ದೇಸಿ ಜ್ಞಾನದ ಬಗ್ಗೆ ಪ್ರೀತಿಯಿಂದ ಮಾತಾಡುವವರು ಇವನ್ನು ಬಿಟ್ಟು ಮಾತಾಡಬಾರದು.

ಬದಲಾವಣೆಗೆ ಬರುತ್ತೇನೆ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಪ್ರಾಥಮಿಕ ಶಾಲೆಯ ಮಾಧ್ಯಮ ಆಡಳಿತ ಭಾಷೆಯಾದ ಅಮ್ಹಾರಿಕ್. ಒರೊಮೊ ಮಾತ್ರ ಬಲ್ಲ ಮಗುವಿಗೆ ಶಾಲೆ ಪರದೇಶ. 1974ರಲ್ಲಿ ಚಕ್ರವರ್ತಿ ಪದಚ್ಯುತನಾದ. ಸೈನಿಕ ಸರ್ಕಾರ 1979ರಲ್ಲಿ ಸಾಕ್ಷರತಾ ಆಂದೋಲನ ಶುರುಮಾಡಿತು. ಅದರಲ್ಲಿ ಬಳಸಿದ ಹದಿನೈದು ಭಾಷೆಗಳಲ್ಲಿ ಒರೊಮೊಗೂ ಜಾಗ ಸಿಕ್ಕಿತು, ಲಿಪಿ ಮಾತ್ರ ಅಮ್ಹಾರಿಕ್ ಬರೆಯುವ ಗೀಜ್. 1991ರಲ್ಲಿ ಆ ಸರ್ಕಾರ ಬಿದ್ದ ಮೇಲೆ ಒರೊಮೊಗೆ ಲ್ಯಾಟಿನ್ ಲಿಪಿ ಬಂತು, 1994ರ ಶಿಕ್ಷಣ ನೀತಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿತು. ಇದು ಸಣ್ಣ ಗೆಲುವಲ್ಲ. ಮಗು ಮನೆಯ ಮಾತಿನಲ್ಲೇ ಓದಲು ಶುರುಮಾಡಿತು. ಗಡಿಯಾಚೆ, ಕೀನ್ಯಾದಲ್ಲಿ, 2003ರಿಂದ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಅಲ್ಲಿ ಮೇಲಿನ ತರಗತಿಗಳೂ ಪರೀಕ್ಷೆಯೂ ಇಂಗ್ಲಿಷ್, ಸ್ವಾಹಿಲಿಯಲ್ಲಿ. ಒಂದೇ ಕುಲದ ಅಣ್ಣತಮ್ಮಂದಿರ ಮಕ್ಕಳು ಗಡಿಯ ಎರಡು ಕಡೆ ಎರಡು ಬೇರೆ ಭಾಷೆಗಳಲ್ಲಿ ಬರೆಯುತ್ತಾರೆ.

ಹಾಗೆಂದು ಬೊರಾನ ಶಿಕ್ಷಣವನ್ನು ಬದಲಿಸಿದ್ದು ಶಾಲೆಯೊಂದೇ ಎಂದು ತಿಳಿಯಬೇಡಿ. ನನ್ನ ಪ್ರಕಾರ ಅತಿ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಬೊರಾನರು ಕಾಲ ನೋಡಿ ಹುಲ್ಲುಗಾವಲಿಗೆ ಬೆಂಕಿ ಕೊಡುತ್ತಿದ್ದರು. ಅದರಿಂದ ದನದ ಮೈಗೆ ಹತ್ತುವ ಉಣ್ಣಿ ಸಾಯುತ್ತಿತ್ತು, ಮುಳ್ಳುಪೊದೆ ಹಿಡಿತದಲ್ಲಿರುತ್ತಿತ್ತು, ಮಳೆ ಬಿದ್ದಾಗ ಎಳೆಹುಲ್ಲು ಚಿಗುರುತ್ತಿತ್ತು. 1970ರ ದಶಕದಲ್ಲಿ ಸರ್ಕಾರ ಬೆಂಕಿ ಹಾಕುವುದನ್ನು ನಿಷೇಧಿಸಿತು. ಮುಳ್ಳುಜಾಲಿ ಹುಲ್ಲುಗಾವಲನ್ನು ನುಂಗುತ್ತ ಬಂತು. ಆಮೇಲೆ ತಜ್ಞರೇ ಬೆಂಕಿ ಬೇಕಾಗಿತ್ತು ಎಂದರು. ಅಷ್ಟರಲ್ಲಿ, ಯಾವ ಗಾಳಿಯಲ್ಲಿ, ಯಾವ ವಾರದಲ್ಲಿ, ಎಷ್ಟು ಅಗಲದ ಗೆರೆ ಬಿಟ್ಟು ಬೆಂಕಿ ಕೊಡಬೇಕೆಂದು ಅಪ್ಪನ ಪಕ್ಕದಲ್ಲಿ ನಿಂತು ನೋಡದ ಒಂದು ತಲೆಮಾರು ಬೆಳೆದಾಗಿತ್ತು. ಒಂದು ವಿದ್ಯೆಯನ್ನು ಅಳಿಸಲು ಅದನ್ನು ಪಠ್ಯದಿಂದ ತೆಗೆಯಬೇಕಿಲ್ಲ. ಅದನ್ನು ಮಾಡುವ ಸಂದರ್ಭವನ್ನು ಮೂವತ್ತು ವರ್ಷ ತಡೆದರೆ ಸಾಕು.

ಬಾವಿಗೂ ಹೀಗೆ ಆಗುತ್ತಿದೆ. ಕೊಳವೆಬಾವಿ, ಡೀಸೆಲ್ ಪಂಪು ಬಂದ ಕಡೆ ನೀರೆತ್ತುವ ಸಾಲು ಬೇಡವಾಗುತ್ತದೆ. ಬೆನ್ನು ಮುರಿಯುವ ದುಡಿಮೆ ತಪ್ಪಿದ್ದಕ್ಕೆ ಸಂತೋಷಪಡಬೇಕು, ಅಲ್ಲಿ ನಿಂತು ನೀರೆತ್ತಿದವರೇ ಹಾಗೆನ್ನುತ್ತಾರೆ. ಆದರೆ ಪಂಪು ಬಂದಾಗ ಸರದಿಯ ನ್ಯಾಯವನ್ನು ಕಲಿಸುತ್ತಿದ್ದ ಜಾಗವೂ ಹೋಗುತ್ತದೆ. ಹೊಸ ನೀರಿನ ಸಮಿತಿಯಲ್ಲಿ ಹಳೆಯ ಸರದಿಯ ಹಿರಿಯನನ್ನು ಕೂರಿಸಿಕೊಂಡರೆ ಒಂದಿಷ್ಟು ಉಳಿಯುತ್ತದೆ.

2020ರಿಂದ 2022ರವರೆಗೆ ಸತತ ಐದು ಮಳೆಗಾಲಗಳು ಕೈಕೊಟ್ಟವು. ಬೊರಾನ ನಾಡಿನಲ್ಲಿ ಲಕ್ಷಗಟ್ಟಲೆ ದನ ಸತ್ತವು. ಹಿಂಡನ್ನೆಲ್ಲ ಕಳೆದುಕೊಂಡ ಕುಟುಂಬಗಳು ದುಬ್ಲುಕ್‌ನಂತಹ ಕಡೆ ಶಿಬಿರ ಸೇರಿದವು. ಶಿಬಿರದಲ್ಲಿ ಬೆಳೆಯುತ್ತಿರುವ ಮಗುವಿಗೆ ಕಾಯಲು ಕರುವಿಲ್ಲ. ಅದಕ್ಕೆ ಶಾಲೆಯೂ ಬೇಕು, ಊಟವೂ ಬೇಕು, ದನವೂ ಮತ್ತೆ ಬೇಕು. ದನವಿಲ್ಲದೆ ಈ ಜ್ಞಾನ ಪುಸ್ತಕದಲ್ಲಿ ಉಳಿದರೆ ಅದು ಉಳಿದಂತಲ್ಲ.

ಹಾಗಾದರೆ ಮುಂದುವರಿದದ್ದು ಏನೂ ಇಲ್ಲವೇ? ಇದೆ, ತುಂಬಾ ಇದೆ. ಎಂಟು ವರ್ಷಕ್ಕೊಮ್ಮೆ ಗಾಯೊದಲ್ಲಿ ಸೇರುವ ಗುಮಿ ಗಾಯೊ ಎಂಬ ಮಹಾಸಭೆ ಇಂದಿಗೂ ನಡೆಯುತ್ತದೆ. 1996ರಲ್ಲಿ ನಡೆದದ್ದು 37ನೆಯದು. ಅಲ್ಲಿ ಕಾನೂನನ್ನು ಬಾಯಲ್ಲಿ ಹೇಳುತ್ತಾರೆ, ತಿದ್ದುತ್ತಾರೆ, ಅಧಿಕಾರದಲ್ಲಿರುವ ನಾಯಕನನ್ನೂ ಪ್ರಶ್ನಿಸುತ್ತಾರೆ. 2025ರಲ್ಲಿ ಹೊಸ ನಾಯಕನಿಗೆ ಅಧಿಕಾರ ದಾಟಿತು. ಬುಲೆ ಹೋರಾ ವಿಶ್ವವಿದ್ಯಾಲಯದಲ್ಲಿ ಗಡಾ ಅಧ್ಯಯನಕ್ಕೆಂದೇ ವಿಭಾಗವಿದೆ. ಅದನ್ನು ಸ್ವಾಗತಿಸುತ್ತೇನೆ, ಒಂದು ಆತಂಕದ ಜೊತೆಗೆ: ಗಡಾದ ಹಂತಗಳ ಹೆಸರನ್ನು ಪರೀಕ್ಷೆಗೆ ಬರೆಯಬಲ್ಲ ಹುಡುಗ, ಬಾವಿಯಲ್ಲಿ ಜಗಳವಾದಾಗ ಏನು ಹೇಳಬೇಕೆಂದು ತಿಳಿಯದವನಾಗಬಾರದು.

ಹೊಸದು ಹಳೆಯದರ ಜೊತೆ ಸೇರಿದ ಉದಾಹರಣೆಯೂ ಇದೆ. ಉಪಗ್ರಹದಿಂದ ಹುಲ್ಲಿನ ಹಸಿರನ್ನು ಅಳೆದು, ಅದು ಒಂದು ಮಟ್ಟಕ್ಕಿಂತ ಇಳಿದರೆ ಪರಿಹಾರ ಕೊಡುವ ಜಾನುವಾರು ವಿಮೆ 2010ರಲ್ಲಿ ಮಾರ್ಸಬಿಟ್‌ನಲ್ಲಿ, 2012ರಲ್ಲಿ ಇಥಿಯೋಪಿಯಾದ ಬೊರಾನ ನಾಡಿನಲ್ಲಿ ಬಂತು. ಮೇಲಿನಿಂದ ಕಾಣುವ ಹಸಿರಿನಲ್ಲಿ ದನ ತಿನ್ನುವ ಹುಲ್ಲೂ ಇದೆ, ತಿನ್ನದ ಮುಳ್ಳುಪೊದೆಯೂ ಇದೆ. ಈ ವ್ಯತ್ಯಾಸವನ್ನು ಕಣ್ಣಾರೆ ನೋಡಿ ಬಂದು ಹೇಳಬಲ್ಲವನು ಅಬುರುವಿಗೆ ಹೋದವನೇ. ಅವನ ಕೈಯಲ್ಲಿ ಈಗ ಮೊಬೈಲ್ ಇರುತ್ತದೆ, ಸಿಗ್ನಲ್ ಸಿಗುವ ದಿಬ್ಬ ಯಾವುದೆಂದೂ ಅವನಿಗೆ ಗೊತ್ತು.

ಪ್ರಶ್ನೋತ್ತರ

ಒಬ್ಬ ಹಿರಿಯರು ಕೇಳಿದರು: “ಹಾಗಾದರೆ ಆ ಮಕ್ಕಳು ಶಾಲೆಗೆ ಹೋಗದಿರುವುದೇ ಒಳ್ಳೆಯದೆನ್ನುತ್ತೀರಾ?”

ಖಂಡಿತ ಇಲ್ಲ ಸರ್. ಹಾಗೆಂದು ಬೊರಾನರೇ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಹಂಚುತ್ತಾರೆ: ಒಬ್ಬ ದನಕ್ಕೆ, ಒಬ್ಬ ಶಾಲೆಗೆ. ಬರ ಬಂದಾಗ ಸಂಬಳ ತರುವ ಮಗ ಹಿಂಡನ್ನು ಮತ್ತೆ ಕಟ್ಟಿಕೊಡುತ್ತಾನೆ. ನನ್ನ ನೋವು ಆ ಹಂಚಿಕೆಯ ಬಗ್ಗೆ. ದನಕ್ಕೆ ಹೋದವನನ್ನು ನಾವು ಅನಕ್ಷರಸ್ಥ ಎಂದು ಎಣಿಸುತ್ತೇವೆ, ಶಾಲೆಗೆ ಹೋಗಿ ಪರೀಕ್ಷೆಯಲ್ಲಿ ಸೋತವನು ಎರಡೂ ಕಡೆ ಸಲ್ಲದವನಾಗುತ್ತಾನೆ. ಒಂದೇ ಮಗುವಿಗೆ ಎರಡೂ ಸಿಗುವಂತೆ ಮಾಡುವುದು ಅಸಾಧ್ಯವಲ್ಲ.

ಒಬ್ಬ ಶಿಕ್ಷಕಿಯ ಪ್ರಶ್ನೆ: “ಹೆಣ್ಣುಮಕ್ಕಳ ಸ್ಥಿತಿ?”

ಮೇಡಂ, ಅವರ ಮಟ್ಟಿಗೆ ಶಾಲೆ ತೆರೆದ ಬಾಗಿಲು ಗಡಾ ಎಂದೂ ತೆರೆಯದ್ದು. ದಾದಿ, ಶಿಕ್ಷಕಿ, ಅಧಿಕಾರಿ ಆಗುವ ದಾರಿ ಅದು. ಆದರೆ ಹಟ್ಟಿಯಲ್ಲಿ ನೀರು ತರುವವಳು, ಎಳೆಯ ತಮ್ಮನನ್ನು ನೋಡಿಕೊಳ್ಳುವವಳು ಹುಡುಗಿಯೇ ಆದ್ದರಿಂದ ಬೇಸಿಗೆ ಬಿಗಿಯಾದಾಗ ಮೊದಲು ಶಾಲೆ ಬಿಡುವವಳೂ ಅವಳೇ. ಶಾಲೆಯ ಅಂಗಳದಲ್ಲಿ ನೀರಿನ ತೊಟ್ಟಿಯಿದ್ದು, ಸಂಜೆ ಮನೆಗೆ ಒಂದು ಕ್ಯಾನು ಒಯ್ಯುವಂತಿದ್ದರೆ ಅವಳ ಹಾಜರಿ ಎಷ್ಟೋ ಸುಧಾರಿಸುತ್ತದೆ.

ಕೊನೆಯದು: “ಅಲ್ಲಿಗೆ ನಿಮ್ಮನ್ನು ಮುಖ್ಯೋಪಾಧ್ಯಾಯರನ್ನಾಗಿ ಕಳಿಸಿದರೆ ಮೊದಲು ಏನು ಬದಲಿಸುತ್ತೀರಿ?”

ರಜೆಯನ್ನು. ದೊಡ್ಡ ರಜೆಯನ್ನು ಡಿಸೆಂಬರ್‌ಗೆ ತರುತ್ತೇನೆ. ಇಥಿಯೋಪಿಯಾದ ಪಶುಪಾಲಕ ಪ್ರದೇಶಗಳಲ್ಲಿ ನಾಲ್ಕು ತರಗತಿಗಳ ಪಾಠವನ್ನು ಮೂರು ವರ್ಷದಲ್ಲಿ ಮುಗಿಸುವ ಪರ್ಯಾಯ ಶಿಕ್ಷಣ ಕೇಂದ್ರಗಳಿವೆ. ಅಲ್ಲಿ ದಿನದ ವೇಳೆಯನ್ನು ಊರವರ ಜೊತೆ ಕೂತು ಗೊತ್ತುಮಾಡಿಕೊಳ್ಳಲು ಅವಕಾಶವಿದೆ. ಬೆಳಗಿನ ಹಾಲು ಕರೆದು ಕರು ಬಿಟ್ಟ ಮೇಲೆ ಮೊದಲ ಗಂಟೆ ಹೊಡೆಸುತ್ತೇನೆ. ಹಿಂಡು ಬಾವಿಗೆ ಬರುವ ದಿನ ಯಾವುದೆಂದು ಸರದಿಯ ಹಿರಿಯನನ್ನು ಕೇಳಿ, ಆ ದಿನ ತರಗತಿಯನ್ನು ಬಾವಿಯ ಹತ್ತಿರದ ಮರದಡಿಯಲ್ಲಿ ನಡೆಸುತ್ತೇನೆ. ಮಕ್ಕಳು ಅಂದು ಬಾವಿಗೆ ಬಂದ ದನಗಳನ್ನು ಕುಲವಾರು ಎಣಿಸಿ ಬರೆಯಲಿ. ಬರೆದದ್ದು ಸರಿಯಿದೆಯೇ ಎಂದು ಆ ಹಿರಿಯನೇ ನೋಡಿ ಹೇಳಲಿ.